ಜೀಪಿನ ಪಟ್ಟಿಯ ಚೂರಿ

ಆ ದಿನ ಬೆಳಿಗ್ಗೆಯೂ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಸಿ, ಕತ್ತರಿಸಿದ ಚೂರನ್ನು ಮರೆಯದೆ ಎತ್ತಿ ಕಸದ ಡಬ್ಬಕ್ಕೆ ಹಾಕಿದೆ. ಫಿಲ್ಟರಿನ ತಲೆಯನ್ನು ಚಮಚದಿಂದ ತಟ್ಟಿದೆ. ತಟ್ಟದಿದ್ದರೆ ನಮ್ಮ ಮನೆಯ ಫಿಲ್ಟರು ಡಿಕಾಕ್ಷನ್ ಇಳಿಸುವುದೇ ಇಲ್ಲ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂತೆ. ಎಲ್ಲವೂ ದಿನದಂತೆಯೇ. ಒಂದೇ ವ್ಯತ್ಯಾಸವೆಂದರೆ ಹೆಚ್ಚುತ್ತ ಹೆಚ್ಚುತ್ತ ಕೈಯಲ್ಲಿದ್ದ ಚಾಕುವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಬೆನ್ನು ಎಷ್ಟು ದಪ್ಪ, ಹರಿತ ಎಲ್ಲಿಂದ ಇಳಿಯುತ್ತದೆ, ತುದಿ ಎಲ್ಲಿ ಬಾಗುತ್ತದೆ. ಮದುವೆಯಾದಾಗಿನಿಂದ ಈರುಳ್ಳಿ ಹೆಚ್ಚುತ್ತಲೇ ಇದ್ದೇನೆ, ಚಾಕುವಿನ ಮುಖವನ್ನು ಸರಿಯಾಗಿ ನೋಡಿದ್ದು ಅಂದೇ ಮೊದಲು.

ಮರುದಿನ ಆಯುಧಪೂಜೆ. ಜೆ.ಪಿ. ನಗರದ ನಮ್ಮ ಬೀದಿಯ ಮೂಲೆಯಲ್ಲಿ ಬೂದುಗುಂಬಳಕಾಯಿಗಳ ರಾಶಿ ಬಿದ್ದಿತ್ತು, ಬಾಳೆಕಂದುಗಳನ್ನು ವಿದ್ಯುತ್ ಕಂಬಕ್ಕೆ ಒರಗಿಸಿದ್ದರು. ಪ್ರತಿ ಗೇಟಿನ ಮುಂದೆಯೂ ಕಾರು ತೊಳೆದ ನೀರು ಹರಿದು ನನ್ನ ರಂಗೋಲಿಯ ಒಂದು ದಳ ಆಗಲೇ ಕರಗಿತ್ತು. ನನ್ನವರು ಹಳೆಯ ಬನಿಯನ್ನಿನ ಚೂರಿನಿಂದ ಸ್ಕೂಟರಿನ ಕನ್ನಡಿ ಉಜ್ಜುತ್ತಿದ್ದರು.

"ಒಂದು ಚಾಕೂಗೋಸ್ಕರ ಇಡೀ ದಿನ ಹೋಗ್ಬೇಕಾ? ಫೋನಲ್ಲಿ ಒತ್ತಿದ್ರೆ ನಾಳೆ ಬೆಳಿಗ್ಗೆ ಬಾಗಿಲಿಗೆ ಬರುತ್ತೆ."

"ಚಾಕು ಅಲ್ಲ ರೀ. ಬೇಟೆ ಚೂರಿ."

"ನಮ್ಮನೇಲಿ ಯಾರಮ್ಮ ಬೇಟೆ ಆಡೋರು? ಜಿರಳೆ ಕಂಡ್ರೆ ಸೋಫಾ ಮೇಲೆ ಹತ್ತೋಳು ನೀನು."

ಅದೇನೋ ನಿಜವೇ. ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿಟ್ಟು, ಸೀರೆ ಬಿಟ್ಟು ಹತ್ತಿಯ ಚೂಡಿದಾರ್ ಹಾಕಿಕೊಂಡು, ಮಗಳು ಬಿಟ್ಟುಹೋಗಿದ್ದ ಬೂಟು ಮೆಟ್ಟಿ ಹೊರಗೆ ಬಂದೆ. ಹೆಗಲಿನ ಬಟ್ಟೆಚೀಲ ಭಾರಕ್ಕೆ ಒಂದು ಕಡೆ ಜಗ್ಗುತ್ತಿತ್ತು. ಕಾಂಪೌಂಡಿನ ಆಚೆ ಪಕ್ಕದ ಮನೆಯ ಆಂಟಿ ಪೈಪು ಹಿಡಿದು ತಮ್ಮ ಕಾರಿಗೆ ಸ್ನಾನ ಮಾಡಿಸುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಬೀದಿಯಲ್ಲಿ ಯಾರ ಮನೆಗೆ ಯಾವ ಕೊರಿಯರ್ ಬಂತು ಎನ್ನುವುದು ಕೊರಿಯರ್ ಹುಡುಗನಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

"ಏನಮ್ಮ, ಬೂಟು ಗೀಟು? ಟ್ರೆಕ್ಕಿಂಗಾ?"

"ಇಟ್ಟಮಡುಗೆ ಹೋಗ್ಬರ್ತೀನಿ ಆಂಟಿ. ಸ್ವಲ್ಪ ಕೆಲಸ ಇದೆ."

"ಬ್ಯಾಗಲ್ಲೇನು, ಕಲ್ಲು ಹೊತ್ಕೊಂಡ ಹಾಗಿದೆ?"

"ಕಬ್ಬಿಣ ಆಂಟಿ," ಎಂದೆ. ಅವರು ಪೈಪನ್ನು ತಿರುಗಿಸುವುದನ್ನೇ ಮರೆತರು; ನೀರು ಒಂದೇ ಚಕ್ರದ ಮೇಲೆ ಬಹಳ ಹೊತ್ತು ಬಿತ್ತು.

ಚೀಲದಲ್ಲಿ ಹಳೆಯ ಟವಲಿನಲ್ಲಿ ಸುತ್ತಿದ್ದದ್ದು ನಮ್ಮ ತಾತನ ಜೀಪಿನ ಕಮಾನು ಪಟ್ಟಿ. ಚಕ್ರದ ಮೇಲೆ ಒಂದರ ಮೇಲೊಂದು ಜೋಡಿಸಿ, ಗಾಡಿ ಕುಲುಕದಂತೆ ತಡೆಯುವ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅದರಲ್ಲೊಂದು. ನನ್ನ ತವರು ಜರಗನಹಳ್ಳಿ. ಈಗ ಅಲ್ಲಿ ಬಸ್ಸಿಳಿದರೆ ಬಾಡಿಗೆ ಮನೆಗಳ ಬಾಲ್ಕನಿಗಳೇ ಕಾಣುತ್ತವೆ. ತಾತನ ಕಾಲದಲ್ಲಿ ರಾಗಿ ಹೊಲ, ಹೊಲದಾಚೆ ಇನ್ನೂ ಹೊಲ. ಬನ್ನೇರುಘಟ್ಟದ ಕಡೆಯಿಂದ ಹಂದಿಗಳು ನುಗ್ಗುತ್ತಿದ್ದವಂತೆ. ತಾತ ಬೇಟೆಗೆ ಹೋಗುತ್ತಿದ್ದ ದಿನಗಳನ್ನು ನಾನು ಕಂಡವಳಲ್ಲ. ನಾನು ಕಂಡದ್ದು ಅವರ ಬೇಟೆ ಚೂರಿಯನ್ನು ಮಾತ್ರ. ಮೊಳಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದ, ಬೆನ್ನು ನೆಟ್ಟಗೆ ಹೋಗಿ ತುದಿಯ ಹತ್ತಿರ ಮೆಲ್ಲಗೆ ಇಳಿಯುತ್ತಿತ್ತು, ಕೆಳಗೆ ಹರಿತ ಹೊಟ್ಟೆಯಂತೆ ತುಂಬಿಕೊಂಡಿತ್ತು. ನಾನು ನೋಡುವ ಹೊತ್ತಿಗೆ ಅದು ಬೇಟೆಯಿಂದ ನಿವೃತ್ತಿಯಾಗಿ ಕಬ್ಬು ಸುಲಿಯುತ್ತಿತ್ತು.

ಆಯುಧಪೂಜೆಯ ದಿನ ಮಾತ್ರ ಅದಕ್ಕೆ ಹಳೆಯ ಗತ್ತು ಬರುತ್ತಿತ್ತು. ನೇಗಿಲ ಗುಳ, ಕುಡುಗೋಲು, ಗುದ್ದಲಿ, ಜೀಪಿನ ಜ್ಯಾಕು ಎಲ್ಲದರ ನಡುವೆ ಮಣೆಯ ಮೇಲೆ ಚೂರಿ. ಅದಕ್ಕೆ ಕುಂಕುಮ ಇಡುವ ಕೆಲಸ ನನ್ನದು. "ಇವಳ ಬೆರಳು ಸಣ್ಣದು, ಹರಿತಕ್ಕೆ ತಾಗಲ್ಲ," ಎನ್ನುತ್ತಿದ್ದರು ತಾತ. ಜಯನಗರದ ಕಾನ್ವೆಂಟಿನಲ್ಲಿ ಓದುತ್ತಿದ್ದ ನಾನು ಸಿಸ್ಟರ್ ಹೇಳಿಕೊಟ್ಟ ಹಾಗೆ ಉಸಿರು ಹಿಡಿದು, ನೇರ ಗೆರೆಯಲ್ಲಿ, ಒಂದೇ ಅಳತೆಯ ಚುಕ್ಕೆಗಳನ್ನು ಇಡುತ್ತಿದ್ದೆ. ಆಮೇಲೆ ಹಳೆಯ ಮನೆ ಕೆಡವಿ ಬಾಡಿಗೆ ಕಟ್ಟಡ ಎದ್ದಿತು. ಅಟ್ಟದ ಸಾಮಾನು ಗುಜರಿಗೆ ಹೋದಾಗ ಚೂರಿಯೂ ಹೋಯಿತು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾರಿಗೂ ನೆನಪಿಲ್ಲ. ಉಳಿದದ್ದು ಈ ಪಟ್ಟಿ ಮಾತ್ರ, ಅದೂ ಸಂಪಿನ ಮುಚ್ಚಳ ಗಾಳಿಗೆ ಏಳದಿರಲೆಂದು ಭಾರಕ್ಕೆ ಇಟ್ಟಿದ್ದರಿಂದ.

ನಮ್ಮ ಮನೆಯ ಆಯುಧಪೂಜೆಯಲ್ಲಿ ಸ್ಕೂಟರಿನ ಕೀಲಿ, ನನ್ನವರ ಸ್ಪ್ಯಾನರ್ ಪೆಟ್ಟಿಗೆ, ನನ್ನ ಈಳಿಗೆಮಣೆ, ಮಿಕ್ಸಿ ಜಾರು ಇಡುತ್ತೇವೆ. ಇಡುವಾಗ ಮಣೆಯ ನಡುವೆ ನನ್ನ ಕೈ ತಾನಾಗಿ ಸ್ವಲ್ಪ ಜಾಗ ಬಿಟ್ಟುಬಿಡುತ್ತದೆ. ನನ್ನವರು ಪ್ರತಿ ವರ್ಷ ಅಲ್ಲೊಂದು ನಿಂಬೆಹಣ್ಣು ಇಟ್ಟು ಜಾಗ ತುಂಬುತ್ತಾರೆ. ಈ ಸಲ ಅಲ್ಲಿ ನಿಂಬೆಹಣ್ಣು ಬೇಡ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ.

ಇಟ್ಟಮಡುವಿನ ಒಂದು ಗಲ್ಲಿಯ ತುದಿಯಲ್ಲಿ, ತನ್ನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೈಯಿಂದ ಚಾಕು ಬಡಿಯುವವನೊಬ್ಬನಿದ್ದಾನೆ. ಮೂವತ್ತೈದರ ಆಸುಪಾಸು. ಹೋಟೆಲಿನ ಅಡುಗೆಯವರಿಗೆ, ಕಾಡು ಸುತ್ತುವವರಿಗೆ ಕೇಳಿದ ಆಕಾರದ ಚಾಕು ಮಾಡಿಕೊಡುತ್ತಾನೆ. ತನ್ನ ಕೆಲಸದ ಬಗ್ಗೆ ಅವನಿಗೆ ಸಂಕೋಚ ಸ್ವಲ್ಪವೂ ಇಲ್ಲ. ಬಾಗಿಲಲ್ಲೇ, "ಮೇಡಂ, ಸೌತ್ ಬೆಂಗಳೂರಲ್ಲಿ ನನ್ನ ಥರ ಹರಿತ ಯಾರೂ ಕೂರಿಸಲ್ಲ. ಕೇಳಿ ನೋಡಿ ಯಾರನ್ನಾದ್ರೂ," ಎಂದ. ಕೇಳಲು ಅಲ್ಲಿ ಇದ್ದದ್ದು ಅವನ ತಾಯಿ ಒಬ್ಬರೇ. ಅವರು ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತ, "ನಮ್ಮನೆ ಈಳಿಗೆಮಣೆ ಮೊಂಡಾಗಿ ಮೂರು ತಿಂಗಳಾಯ್ತು," ಎಂದರು.

ಅವನು ಟವಲು ಬಿಡಿಸಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟ.

"ಉಕ್ಕು ಸಖತ್ತಾಗಿದೆ. ಆದ್ರೆ ಒಂದ್ಮಾತು ಮೇಡಂ. ಇದು ವರ್ಷಗಟ್ಲೆ ಹಳ್ಳ ದಿಣ್ಣೆ ಕುಣಿದಿರೋ ಪಟ್ಟಿ. ಒಳಗೆ ಕಣ್ಣಿಗೆ ಕಾಣ್ದಿರೋ ಬಿರುಕು ಇರ್ಬೋದು. ಬಡಿಯೋವಾಗ ಗೊತ್ತಾಗಲ್ಲ. ಕೊನೇಲಿ ಕೆಂಪಗೆ ಕಾಸಿ ಎಣ್ಣೇಲಿ ಅದ್ದುತೀವಲ್ಲ, ಆಗ 'ಟಿಕ್' ಅಂದ್ರೆ ಮುಗೀತು. ಹೊಸ ಉಕ್ಕು ಇದೆ, ಅದ್ರಲ್ಲಿ ಮಾಡೋಣ್ವಾ?"

"ಬೇಡಪ್ಪ. ಇದರಲ್ಲೇ."

"ಟಿಕ್ ಅಂದ್ರೆ?"

"ಅಂದ್ರೆ ನಾಳೆ ನಿಂಬೆಹಣ್ಣು," ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ, ತಾತನದ್ದು, ಮಣೆಯದ್ದು, ಖಾಲಿ ಜಾಗದ್ದು. ಅವನು ತಲೆ ಕೆರೆದುಕೊಂಡ.

"ಹಾಗಿದ್ರೆ ಇವತ್ತೇ ಆಗ್ಬೇಕು. ನಾಳೆ ನಮ್ಮ ಸುತ್ತಿಗೇಗೂ ಪೂಜೆ. ಕುಲುಮೆಗೆ ಬೆಂಕಿ ಹಾಕಲ್ಲ, ಏನೂ ಮುಟ್ಟಲ್ಲ. ಬ್ಲೇಡು ಇವತ್ತು ಮುಗಿದ್ರೆ ಪೂಜೆಗೆ ಕೂತ್ಕೊಳತ್ತೆ. ಹಿಡಿ ಆಮೇಲೆ ಹಾಕೋಣ."

ನನಗೆ ಒಂದು ತೊಗಲಿನ ಏಪ್ರನ್ನು, ಕನ್ನಡಕ, ಮೊಳಕೈವರೆಗೆ ಬರುವ ಕೈಗವಸು ಕೊಟ್ಟ. "ಬಳೆ ತೆಗೀರಿ ಮೇಡಂ," ಎಂದ. ಚಿನ್ನದ್ದನ್ನು ತೆಗೆದು ಪರ್ಸಿಗೆ ಹಾಕಿದೆ. ಗಾಜಿನದ್ದನ್ನೂ ತೆಗೆದೆ, ಬಲಗೈಯಲ್ಲಿ ಒಂದನ್ನು ಬಿಟ್ಟು. ಹಬ್ಬದ ಹಿಂದಿನ ದಿನ ಕೈ ಪೂರ್ತಿ ಬರಿದು ಮಾಡಲು ಮನಸ್ಸು ಬರಲಿಲ್ಲ. ಕೈಗವಸಿನೊಳಗೆ ಯಾರಿಗೆ ಕಾಣುತ್ತದೆ?

ಕುಲುಮೆ ಎಂದರೆ ನಾನು ತಿದಿ, ಇದ್ದಿಲು ಎಂದುಕೊಂಡಿದ್ದೆ. ಇವನದ್ದು ಗ್ಯಾಸಿನದ್ದು. ಕಬ್ಬಿಣದ ಪೀಪಾಯಿಯೊಳಗೆ ಬಿಳಿಯ ಹಾಸು, ಬಾಯಿಂದ ನೀಲಿ ಉರಿ, ನಮ್ಮ ಅಡುಗೆಮನೆಯದ್ದೇ ಬಣ್ಣದ ಸಿಲಿಂಡರು. ಅದನ್ನು ಕಂಡು ನನಗೆ ಎಷ್ಟೋ ಧೈರ್ಯ ಬಂತು. ಪಟ್ಟಿಯಿಂದ ಉದ್ದುದ್ದಕ್ಕೆ ಒಂದು ತುಂಡನ್ನು ಅವನೇ ಯಂತ್ರದಲ್ಲಿ ಕತ್ತರಿಸಿ ಒಳಗೆ ತಳ್ಳಿದ. ಕರಿ ಕಬ್ಬಿಣ ಮೊದಲು ಮಂಕಾಗಿ ಕೆಂಪಾಯಿತು, ಬೀಟ್‌ರೂಟಿನ ಕೆಂಪು, ಆಮೇಲೆ ಟೊಮೇಟೊ, ಆಮೇಲೆ ಜಹಾಂಗೀರಿನ ಕಿತ್ತಳೆ.

"ಈಗ!" ಎಂದ. ಇಕ್ಕಳದಲ್ಲಿ ತೆಗೆದು, ಕಮ್ಮಾರರು ಬಡಿಯುವ ಕಬ್ಬಿಣದ ಅಡಿಗಲ್ಲಿನ ಮೇಲೆ ಹಿಡಿದ. "ಹೊಡೀರಿ ಮೇಡಂ!"

ನಾನು ಹೊಡೆದೆ. ಸುತ್ತಿಗೆ ಪುಟಿದು ನನ್ನ ಹೆಗಲವರೆಗೆ ಎದ್ದಿತು. ಕಬ್ಬಿಣಕ್ಕೆ ಏನೂ ಆಗಿರಲಿಲ್ಲ.

"ಅದು ಹೊಡೆಯೋದಾ? ಮಗು ಬೆನ್ನು ತಟ್ಟೋ ಥರ ತಟ್ತಿದೀರ!"

"ಸಾರಿ," ಎಂದೆ.

"ಅದಕ್ಕೆ ಸಾರಿ ಹೇಳ್ಬೇಡಿ. ಹೊಡೀರಿ!"

ಎರಡನೆಯ ಸಲ ಕೆಂಪಾದಾಗ ನನಗೆ ಕಾನ್ವೆಂಟಿನ ಬರವಣಿಗೆಯ ಪೀರಿಯಡ್ಡು ನೆನಪಾಯಿತು. ಅಕ್ಷರದ ಮೇಲೆ ಕೈ ಬೀಳಬೇಕಾದ ಜಾಗ ಒಂದೇ, ತೂಕವೂ ಒಂದೇ. ಕೈಯನ್ನಲ್ಲ, ತೋಳನ್ನು ನಂಬು ಎನ್ನುತ್ತಿದ್ದರು ಸಿಸ್ಟರ್. ತೋಳನ್ನು ನಂಬಿದೆ. ಸುತ್ತಿಗೆ ಬಿತ್ತು, ಉಕ್ಕು ಇಳಿಯಿತು. ಕಣ್ಣೆದುರೇ ಇಳಿಯಿತು, ತಣ್ಣಗಾದ ಚಪಾತಿ ಹಿಟ್ಟು ಲಟ್ಟಣಿಗೆಗೆ ಮೊದಲು ಹಟ ಮಾಡಿ ಆಮೇಲೆ ಒಪ್ಪಿಕೊಳ್ಳುತ್ತದಲ್ಲ, ಹಾಗೆ. ನಾನು ಸಣ್ಣಗೆ ಕಿರುಚಿದೆ. ಮೇಲಿನಿಂದ ಕರಿ ಸಿಪ್ಪೆಗಳು ಹುರಿದ ಕಡಲೆಬೀಜದ ಸಿಪ್ಪೆಯ ಹಾಗೆ ಉದುರಿದವು.

"ಹಾಂ! ಹಂಗೆ ಗುರು!" ಎಂದು ಕೂಗಿ, ನಾಲಿಗೆ ಕಚ್ಚಿಕೊಂಡು, "ಸಾರಿ ಮೇಡಂ," ಎಂದ.

"ಅದಕ್ಕೆ ಸಾರಿ ಹೇಳ್ಬೇಡಿ," ಎಂದೆ ನಾನು.

ಕಾಸುವುದು, ಬಡಿಯುವುದು, ಬಣ್ಣ ಮಂಕಾದ ಕೂಡಲೇ ಮತ್ತೆ ಒಳಗೆ. ತಣ್ಣಗಾದ ಮೇಲೆ ಒಂದೇ ಒಂದು ಏಟು ಹೆಚ್ಚಾದರೂ ಸೀಳುತ್ತದೆ ಎಂದು ಅವನು ಹೇಳಿದ್ದರಿಂದ ಬಣ್ಣದ ಮೇಲೆಯೇ ನನ್ನ ಕಣ್ಣು. ಹರಿತದ ಕಡೆ ತೆಳುವಾಗುತ್ತ ಹೋದಂತೆ ಚೂರಿ ಬಾಳೆಹಣ್ಣಿನ ಹಾಗೆ ಮೇಲಕ್ಕೆ ಬಾಗಿತು. ಕೆಡಿಸಿಬಿಟ್ಟೆ ಎಂದುಕೊಂಡೆ. ಅವನು ನಕ್ಕು, ಮರದ ದಿಮ್ಮಿಯ ಮೇಲಿಟ್ಟು ಮರದ ಸುತ್ತಿಗೆಯಿಂದ ಎರಡು ಏಟು ಕೊಟ್ಟ, ನೆಟ್ಟಗಾಯಿತು. ತುದಿ ಹೇಗಿರಬೇಕು ಎಂದು ಅವನು ಕೇಳಿದಾಗ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದೆ. ಬೆನ್ನು ನೆಟ್ಟಗೆ ಹೋಗಿ ಮೆಲ್ಲಗೆ ಇಳಿಯಬೇಕು. ಹೊಟ್ಟೆ ತುಂಬಿಕೊಂಡಿರಬೇಕು. ಬರೆದದ್ದನ್ನು ನೋಡಿ ನನಗೇ ಆಶ್ಚರ್ಯ. ಅಷ್ಟು ವರ್ಷಗಳ ಮೇಲೂ ನನ್ನ ಬೆರಳಿಗೆ ಗೊತ್ತಿತ್ತು. ಕುಂಕುಮದ ಚುಕ್ಕೆಗಳನ್ನು ಇಡುತ್ತ ಹೋದ ದಾರಿಯಲ್ಲವೆ ಅದು?

ಮಧ್ಯಾಹ್ನದ ಹೊತ್ತಿಗೆ ಆಕಾರ ಬಂತು. ಅವನ ತಾಯಿ ಅನ್ನ, ಹುರುಳಿಕಾಳಿನ ಸಾರು ಬಡಿಸಿದರು. ನನ್ನ ಬಲಗೈ ನಡುಗಿ ನಡುಗಿ ಅನ್ನ ತಟ್ಟೆಗೇ ಬೀಳುತ್ತಿತ್ತು. "ಚಮಚ ಕೊಡ್ಲೇನಮ್ಮ?" ಎಂದು ಕೇಳಿದರು. ನಾನು ನಗುತ್ತ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ತಿಂದೆ. ಆಮೇಲೆ ಅವನು ಉಜ್ಜುವ ಯಂತ್ರಕ್ಕೆ ಹಿಡಿದು ಕಿಡಿಗಳ ಜಲಪಾತ ಹರಿಸಿ ಚೂರಿಯ ಎರಡೂ ಕೆನ್ನೆಗಳನ್ನು ಸಮ ಮಾಡಿದ. ನನಗೂ ಸ್ವಲ್ಪ ಹಿಡಿಯಲು ಬಿಟ್ಟ.

ಉಳಿದದ್ದು ಎಣ್ಣೆ. ಮೊಣಕಾಲೆತ್ತರದ ಕಟ್ಟೆಯ ಮೇಲೆ ಉದ್ದನೆಯ ಡಬ್ಬ, ಅದರಲ್ಲಿ ಉಗುರುಬೆಚ್ಚಗೆ ಕಾಯಿಸಿದ ಕಡಲೆಕಾಯಿ ಎಣ್ಣೆ. ಈ ಹಂತದಲ್ಲಿ ಅವನದ್ದೊಂದು ಪದ್ಧತಿ ಇದೆ: ಚೂರಿ ಯಾರದೋ ಅವರೇ ಎಣ್ಣೆಗೆ ಇಳಿಸಬೇಕು. ಅವನು ಬೆಂಕಿಯಿಂದ ಇಕ್ಕಳದಲ್ಲಿ ತೆಗೆದು ಕೊಡುತ್ತಾನೆ, ಅವರು ಇಕ್ಕಳ ಹಿಡಿದು, ತುದಿ ಕೆಳಗೆ ಮಾಡಿ, ನೇರವಾಗಿ ಒಳಗೆ. "ಬೆಂಕಿಯಿಂದ ಎಣ್ಣೆಗೆ ಒಂದೇ ಉಸಿರು ಮೇಡಂ. ತಡ ಆದ್ರೆ ಉಕ್ಕು ಗಟ್ಟಿ ಆಗಲ್ಲ. ಒಂದ್ಸಲ ತಣ್ಣಗೆ ಇರೋವಾಗ್ಲೇ ಪ್ರಾಕ್ಟೀಸ್ ಮಾಡೋಣ."

ಮಾಡಿದೆವು. ಅವನು ಇಕ್ಕಳವನ್ನು ಅಡಿಗಲ್ಲಿನ ಮೇಲೆ ಇಟ್ಟ, ನಾನು ಎತ್ತಿಕೊಂಡೆ, ಡಬ್ಬದತ್ತ ತಿರುಗಿದೆ, ಇಳಿಸುವ ಅಭಿನಯ ಮಾಡಿದೆ. "ಪರ್ಫೆಕ್ಟ್," ಎಂದ. ಅವನು ಏಕೆ ಅಡಿಗಲ್ಲಿನ ಮೇಲೆ ಇಟ್ಟ, ನಾನೇಕೆ ಅಲ್ಲಿಂದಲೇ ಎತ್ತಿಕೊಂಡೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಚೂರಿ ಒಳಗೆ ಹೋಯಿತು. ಒಂದು ಅಯಸ್ಕಾಂತವನ್ನು ಕಂಬಿಗೆ ಕಟ್ಟಿಟ್ಟುಕೊಂಡಿದ್ದ; ಹದಕ್ಕೆ ಕಾದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮುಟ್ಟಿಸಿ ನೋಡಿದ, ಅಂಟಿತು. ಮತ್ತೆ ಒಳಗೆ. ಮತ್ತೆ ಮುಟ್ಟಿಸಿದ, ಜಾರಿತು. ಇನ್ನೂ ಸ್ವಲ್ಪ. ಚೂರಿಯ ಮೈಮೇಲೆ ನೆರಳುಗಳು ಓಡಾಡಿ ಅಡಗಿದವು, ಇಡೀ ಅಲಗು ಒಂದೇ ಬಣ್ಣವಾಯಿತು, ಹೊಳೆಯುವ ಕಿತ್ತಳೆ. "ಬಂತು, ಬಂತು," ಎನ್ನುತ್ತ ಸೆಳೆದು ಇಕ್ಕಳವನ್ನು ನನ್ನತ್ತ ಚಾಚಿದ.

ನಾನು ಕೈ ಹಿಂದಕ್ಕೆಳೆದುಕೊಂಡು, "ಕೆಳಗಿಡಿ," ಎಂದೆ.

ಅವನು ಇಟ್ಟ.

ನಮ್ಮ ಮನೆಗಳಲ್ಲಿ ಚಾಕು, ಕತ್ತರಿ, ಉಪ್ಪು, ಮೆಣಸಿನಕಾಯಿ ಯಾವುದನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಯಾರೂ ಯೋಚಿಸಿ ಮಾಡುವುದಲ್ಲ, ಎಡವಿದಾಗ "ಅಮ್ಮಾ" ಎಂದಷ್ಟೇ ಸಲೀಸಾಗಿ ಬರುತ್ತದೆ. ಆ ಒಂದು ಗಳಿಗೆಯಲ್ಲಿ ಕೆಂಡದ ಚೂರಿ ತಣ್ಣನೆಯ ಅಡಿಗಲ್ಲಿನ ಮೇಲೆ ಮಲಗಿತು. ತಣ್ಣನೆಯ ಕಬ್ಬಿಣ ಬಿಸಿಯನ್ನೆಲ್ಲ ಗಟಗಟ ಕುಡಿಯಿತು. ಹರಿತದ ಅಂಚು ನನ್ನ ಕಣ್ಣೆದುರೇ ಕಪ್ಪಾಯಿತು. ನಾನು ಎತ್ತಿ ಎಣ್ಣೆಗೆ ಹಾಕಿದಾಗ ಬಂದದ್ದು ಬೋಂಡಾ ಗಾಡಿಯ ಹತ್ತಿರದ 'ಚುಂಯ್' ಮಾತ್ರ.

ಅವನು ಕಬ್ಬಿಣ ಉಜ್ಜುವ ಅರ ತೆಗೆದುಕೊಂಡು ಅಂಚಿಗೆ ಎಳೆದ. ಕರ್ ಎಂದು ಕಚ್ಚಿತು. "ಮೆತ್ತಗಿದೆ. ಗಟ್ಟಿ ಆಗಿದ್ರೆ ಅರ ಜಾರ್ಬೇಕು." ತಲೆಯ ಮೇಲೆ ಕೈ ಹೊತ್ತು ಕೂತ. "ನೀವು ಕೆಳಗಿಡಿ ಅಂದ್ರಿ, ಸರಿ. ನಾನ್ಯಾಕೆ ಇಟ್ಟೆ?"

ಹಿತ್ತಲಿನಿಂದ ತಾಯಿ ಹೇಳಿದರು: "ಯಾಕೇಂದ್ರೆ ಕೈಗೆ ಕೊಟ್ರೆ ನಾನು ಬೆರಳ ಮೇಲೆ ಹೊಡೀತಿದ್ದೆ, ಚಿಕ್ಕವನಿದ್ದಾಗ."

"ಈಗ ಏನ್ಮಾಡೋದು?" ಎಂದೆ. ಹೊರಗೆ ಬಿಸಿಲು ಆಗಲೇ ಬಾಡತೊಡಗಿತ್ತು.

"ಮತ್ತೆ ಕಾಸಿ ಅದ್ದಬಹುದು. ಆದ್ರೆ ಪ್ರತಿ ಸಲಕ್ಕೂ ಬಿರುಕು ಬಿಡೋ ಚಾನ್ಸ್ ಜಾಸ್ತಿ. ಹೊಸ ಉಕ್ಕಲ್ಲ ಮೇಡಂ ಇದು." ಮುಖ ಒರೆಸಿಕೊಂಡ. "ಈ ಸಲ ಕೈಯಿಂದ ಕೈಗೆ ತಗೋಬೇಕು ನೀವು."

ನಾನು ತಲೆಯಾಡಿಸಿದೆ. ಆದರೆ ಒಳಗೊಳಗೆ ಹೆದರಿಕೆ. ನನ್ನ ತಲೆ ಒಪ್ಪಿದರೂ ಕೈ ಒಪ್ಪಬೇಕಲ್ಲ? ಅವನ ಮುಖ ನೋಡಿದರೆ ಅವನಿಗೂ ಅದೇ ಅನುಮಾನವಿದ್ದಂತೆ ಕಂಡಿತು. ಆಗ ಅವನ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು.

"ಅದಕ್ಕ್ಯಾಕೆ ಇಷ್ಟು ಯೋಚ್ನೆ? ಕೈಗೆ ಕೊಟ್ರೆ ಜಗಳ ಆಗುತ್ತೆ ತಾನೆ? ಆ ಜಗಳ ಈಗ್ಲೇ ಆಡಿ ಮುಗಿಸ್ಬಿಡಿ. ಆಮೇಲೆ ಆರಾಮಾಗಿ ಕೈಗೆ ಕೊಡಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವನು ಹುಬ್ಬು ಗಂಟಿಕ್ಕಿದ.

"ಏನ್ ಮೇಡಂ ನೀವು! ಹಬ್ಬದ ಹಿಂದಿನ ದಿನ ಬಂದು ಇವತ್ತೇ ಬೇಕು ಅಂತೀರಲ್ಲ, ಇದೇನು ಇಡ್ಲಿ ಪಾರ್ಸಲ್ಲಾ?"

"ನೋಡಿ, ದಯವಿಟ್ಟು..." ಎಂದು ಶುರು ಮಾಡಿದೆ.

"ದಯವಿಟ್ಟು ಅಂತ ಯಾರಾದ್ರೂ ಜಗಳ ಆಡ್ತಾರಾ ಅಮ್ಮಣ್ಣಿ?" ಎಂದರು ತಾಯಿ. "ಬೈರಿ ಇವನ್ನ. ನಾನೇನೂ ಅಂದ್ಕೊಳಲ್ಲ."

ನಾನು ಉಸಿರೆಳೆದುಕೊಂಡೆ. "ಸೌತ್ ಬೆಂಗಳೂರಲ್ಲೇ ನನ್ನಂಥೋನಿಲ್ಲ ಅಂದ್ರಲ್ಲ! ಎಲ್ಲಿ ಹೋಯ್ತು ಆ ಜಂಬ? ಒಂದು ಇಕ್ಕಳ ನೆಟ್ಟಗೆ ಕೊಡಕ್ಕೆ ಬರಲ್ಲ ನಿಮಗೆ! ಹೆತ್ತಮ್ಮನ ಈಳಿಗೆಮಣೆ ಮೊಂಡು, ಊರಿಗೆಲ್ಲ ಹರಿತ ಕೂರಿಸ್ತಾರಂತೆ!"

ಹೇಳಿದ್ದೇ ತಡ, ನನ್ನ ಕಿವಿ ಬಿಸಿಯಾಯಿತು. ಜೀವಮಾನದಲ್ಲಿ ಪರರೊಂದಿಗೆ ಅಷ್ಟು ಜೋರಾಗಿ ಮಾತಾಡಿದವಳಲ್ಲ. ತಾಯಿ ಚಪ್ಪಾಳೆ ತಟ್ಟಿದರು. ಅವನು ನಿಜವಾಗಿಯೂ ಸ್ವಲ್ಪ ನೊಂದವನಂತೆ ಕಂಡ. "ಅಷ್ಟೊಂದು ಬೇಕಿರ್ಲಿಲ್ಲ," ಎಂದು ಗೊಣಗಿ ಗ್ಯಾಸು ಹೊತ್ತಿಸಿದ.

ಮತ್ತೆ ಕಾಯಿಸಿ, ಗಾಳಿಯಲ್ಲಿ ಆರಿಸಿ, ಉಕ್ಕಿನ ಮುನಿಸು ಇಳಿಸಿದ. ಆಮೇಲೆ ಕೊನೆಯ ಕಾಸು. ಬೀಟ್‌ರೂಟು, ಟೊಮೇಟೊ, ಜಹಾಂಗೀರು. ಅಯಸ್ಕಾಂತ ಜಾರಿತು. ನೆರಳುಗಳು ಅಡಗಿದವು. ನನ್ನ ಎರಡೂ ಕೈಗಳು ಮುಂದೆ ಚಾಚಿಯೇ ಇದ್ದವು. ಹಿಂದಕ್ಕೆ ಬಂದರೆ ಎನ್ನುವ ಭಯಕ್ಕೆ ಮೊದಲೇ ಚಾಚಿ ನಿಲ್ಲಿಸಿದ್ದೆ. ಅವನು ಸೆಳೆದ, ತಿರುಗಿದ. ಇಕ್ಕಳದ ಹಿಡಿ ಅವನ ಅಂಗೈಯಿಂದ ನನ್ನ ಅಂಗೈಗೆ ಬಂತು. ಬಂದದ್ದೇ ತಿಳಿಯಲಿಲ್ಲ. ತುದಿ ಕೆಳಗೆ, ನೇರ, ಒಳಗೆ.

ಡಬ್ಬದ ಬಾಯಿಂದ ಉರಿ ಎದ್ದಿತು. ನನ್ನ ಮುಖದವರೆಗೆ ಹಳದಿ ಬೆಳಕು. ಎಣ್ಣೆ ಗುಡುಗುಡು ಎಂದಿತು, ಇಕ್ಕಳದೊಳಗೆ ಚೂರಿ ಜೀವವಿರುವಂತೆ ನಡುಗಿತು. ನಾನು ಬಿಡಲಿಲ್ಲ. ಆಗಲೇ ಕೇಳಿಸಿತು.

ಟಿಕ್.

ಅವನು ನನ್ನನ್ನು ನೋಡಿದ. ನಾನು ಅವನನ್ನು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಉರಿ ತಾನಾಗಿ ಕುಗ್ಗಿತು. "ತೆಗೀರಿ ಮೇಡಂ," ಎಂದ, ಬಹಳ ಮೆತ್ತಗೆ. ಕರಿ ಎಣ್ಣೆ ತೊಟ್ಟಿಕ್ಕುವ ಚೂರಿಯನ್ನು ಮೇಲೆತ್ತಿದೆ. ಅವನು ಬಟ್ಟೆಯಿಂದ ಒರೆಸಿ, ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು ಹರಿತವನ್ನು ತುದಿಯಿಂದ ಬುಡದವರೆಗೆ ನೋಡಿದ. ಇನ್ನೊಂದು ಕೆನ್ನೆ ನೋಡಿದ. ಉಗುರನ್ನು ಮೆಲ್ಲಗೆ ಎಳೆದು ನೋಡಿದ.

"ಏನೂ ಇಲ್ವಲ್ಲ," ಎಂದ.

ಅರ ತಂದು ಅಂಚಿಗೆ ಎಳೆದ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಮತ್ತೆ ಎಳೆದ, ಮತ್ತೆ ಜಾರಿತು. ಸಣ್ಣ ಸುತ್ತಿಗೆಯಿಂದ ತಟ್ಟಿದ. ಚೂರಿ ದೇವರ ಮನೆಯ ಗಂಟೆಯಂತೆ ತೆಳ್ಳಗೆ, ಉದ್ದಕ್ಕೆ ನಾದ ಕೊಟ್ಟಿತು.

"ಮತ್ತೆ ಟಿಕ್ ಅಂದಿದ್ದೇನು?"

ನನ್ನ ಮಣಿಕಟ್ಟಿನಲ್ಲಿ ಏನೋ ಚುಚ್ಚುತ್ತಿತ್ತು. ಕೈಗವಸು ಕಳಚಿದೆ. ಒಳಗಿನಿಂದ ಹಸಿರು ಗಾಜಿನ ಎರಡು ಚೂರು ನೆಲಕ್ಕೆ ಬಿದ್ದವು. ಡಬ್ಬದ ಅಂಚಿಗೆ ಕೈ ಒತ್ತಿ ಬಳೆ ಒಡೆದಿತ್ತು.

"ತೆಗೀರಿ ಅಂದಿದ್ನಲ್ಲ ಮೇಡಂ! ನನ್ನ ಜೀವ ಹೋಗಿತ್ತು!"

"ನೋಡು, ಜಗಳ ಈಗ ಮುಗೀತು," ಎಂದರು ತಾಯಿ. ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ಎರಡು ಹೊಸ ಗಾಜಿನ ಬಳೆ ತಂದು ನನ್ನ ಕೈಗೆ ತಾವೇ ತೊಡಿಸಿದರು, ಕುಂಕುಮ ಇಟ್ಟರು. ಎಣ್ಣೆ, ಬೂದಿ, ಬೆವರಿನ ಆ ಕೈ ನನ್ನದೇ ಎಂದು ನನಗೆ ನಂಬಿಕೆ ಬರಲಿಲ್ಲ. ನಾನು ನಗುತ್ತಿದ್ದೆ, ನಿಲ್ಲಿಸಲು ಆಗುತ್ತಿರಲಿಲ್ಲ.

ಆದರೆ ಕೆಲಸ ಇನ್ನೂ ಒಂದು ಉಳಿದಿತ್ತು. ಹಾಗೆ ಗಟ್ಟಿಯಾದ ಉಕ್ಕು ಗಾಜಿನಂತೆ, ಕೈಜಾರಿ ಬಿದ್ದರೆ ಮುರಿಯುತ್ತದೆ. ಹದವಾದ ಬಿಸಿಯಲ್ಲಿ ಬಹಳ ಹೊತ್ತು ಇಟ್ಟು ಅದರ ಬಿಗುವು ಇಳಿಸಬೇಕು. "ನನ್ನ ಓವನ್ ರಿಪೇರಿಗೆ ಹೋಗಿದೆ. ನಿಮ್ಮನೇಲಿ ಕೇಕ್ ಮಾಡೋ ಓವನ್ ಇದ್ಯಾ?" ಎಂದು ಕೇಳಿದ. ಇದೆ, ಎಂದೆ. "ಬಿಸ್ಕತ್ ಬೇಯಿಸೋ ಬಿಸಿ ಸಾಕು. ಉಜ್ಜಿ ಹೊಳಪು ಮಾಡಿರ್ತೀನಿ, ಮೈ ಬಣ್ಣ ನೋಡ್ತಾ ಇರಿ. ಒಣಹುಲ್ಲಿನ ಬಣ್ಣ ಬಂದಾಗ ಆರ್ಸಿ. ನೀಲಿ ಆಯ್ತೋ, ಮೆತ್ತಗಾಗೋಯ್ತು ಅಂತ ಅರ್ಥ."

ಆಟೋದಲ್ಲಿ ಟವಲು ಸುತ್ತಿದ ಚೂರಿಯನ್ನು ಹಸುಗೂಸಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದೆ. ರಸ್ತೆಯ ಪ್ರತಿ ಉಬ್ಬಿಗೂ "ಅಣ್ಣ, ಸ್ವಲ್ಪ ನಿಧಾನ," ಎಂದೆ. "ಏನಕ್ಕ, ಮೊಟ್ಟೆನಾ?" ಎಂದು ಕೇಳಿದ ಡ್ರೈವರು. ಅವನ ಆಟೋದ ಕನ್ನಡಿಗೆ ಆಗಲೇ ಚೆಂಡುಹೂವಿನ ಸಣ್ಣ ಹಾರ ಬಿದ್ದಿತ್ತು.

ಮನೆಗೆ ಬಂದು ಓವನ್ನಿನ ತಂತಿಯ ಮೇಲೆ ಚೂರಿ ಮಲಗಿಸಿ ಬಾಗಿಲು ಹಾಕಿದೆ. ನನ್ನವರು ಮೊದಲು ನನ್ನ ಮುಖದ ಮಸಿ ನೋಡಿದರು, ಆಮೇಲೆ ಬಗ್ಗಿ ಗಾಜಿನೊಳಗೆ ನೋಡಿದರು. ಸ್ವಲ್ಪ ಹೊತ್ತಿಗೆ ಒಂದು ಸ್ಟೂಲು ತಂದು ನನ್ನ ಪಕ್ಕ ಹಾಕಿಕೊಂಡು ಕೂತರು. ಚೂರಿ ಬೆಳ್ಳಿಯಂತೆಯೇ ಇತ್ತು. ಇತ್ತು, ಇತ್ತು. ನನ್ನವರು ಎದ್ದು ಕಾಫಿ ಮಾಡಿ ತಂದರು, ಫಿಲ್ಟರು ತಟ್ಟುವುದನ್ನು ಮರೆತು ನೀರುನೀರಾಗಿ. ಕುಡಿಯುತ್ತಲೇ ನೋಡಿದೆ: ಅಂಚಿನಲ್ಲಿ ಬೆಣ್ಣೆ ಕಾಯಿಸುವಾಗ ಮೊದಲು ಬರುವ ಆ ತೆಳು ಹಳದಿ. ಅದು ಮೆಲ್ಲಗೆ ಬೆನ್ನಿನತ್ತ ಹರಡಿತು. ಹಳದಿ ಗಟ್ಟಿಯಾಯಿತು, ಹೊಸ ಹುಲ್ಲುಮೆದೆಯ ಮೇಲೆ ಸಂಜೆ ಬಿಸಿಲು ಬಿದ್ದ ಹಾಗೆ. ಗುಂಡಿ ತಿರುಗಿಸಿ ಆರಿಸಿದೆ.

"ತಾತಂದೂ ಹೀಗೇ ಇತ್ತಾ?" ಎಂದು ಕೇಳಿದರು ನನ್ನವರು.

"ಬೆನ್ನು ಹೀಗೇ ಇತ್ತು. ಹೊಟ್ಟೆ ಸ್ವಲ್ಪ ದಪ್ಪ ಆಯ್ತು ಇದಕ್ಕೆ."

"ನಮ್ಮನೇದಲ್ವಾ," ಎಂದು ತಮ್ಮ ಹೊಟ್ಟೆ ಸವರಿಕೊಂಡರು. ಫ್ರಿಜ್ಜಿನ ಮೇಲೆ ಬಾಳೆಹಣ್ಣಿನ ಜೊತೆ ಇಟ್ಟಿದ್ದ ನಿಂಬೆಹಣ್ಣನ್ನು ಅವರು ಎತ್ತಿ ಹಿಂದಕ್ಕೆ ಡಬ್ಬಿಗೆ ಹಾಕಿದ್ದನ್ನು ನಾನು ಕಂಡೂ ಕಾಣದಂತೆ ಇದ್ದೆ.

ಆರಿದ ಚೂರಿಯನ್ನು ಬೆಳಕಿನಲ್ಲಿ ನೋಡೋಣವೆಂದು ವರಾಂಡಕ್ಕೆ ತಂದೆ. ಬೀದಿ ದೀಪ ಹತ್ತಿತ್ತು. ಕಾಂಪೌಂಡಿನ ಆಚೆ ಆಂಟಿ ತೊಳೆದ ಕಾರಿನ ಮುಂದೆ ಬಾಳೆಕಂದು ಕಟ್ಟುತ್ತಿದ್ದರು. ನನ್ನ ಕೈಯಲ್ಲಿದ್ದದ್ದು ಹೊಳೆಯಿತು. ಅವರು ಕನ್ನಡಕ ಸರಿಮಾಡಿಕೊಂಡು ತುದಿಯಿಂದ ಬುಡದವರೆಗೆ ನೋಡಿದರು. ನಾನು ಹೇಳಲು ಬಾಯಿ ತೆರೆದೆ: ತಾತ, ಜೀಪು, ಬೆಂಕಿ, ಎಣ್ಣೆ. ಅವರಿಗೆ ಅಷ್ಟು ಪುರಸೊತ್ತಿರಲಿಲ್ಲ. ದಾರದ ಗಂಟನ್ನು ಹಲ್ಲಿನಿಂದ ಬಿಗಿದು ಹೇಳಿದರು:

"ಒಳ್ಳೇದಾಯ್ತು ಬಿಡು, ನಾಳೆ ನಿಮ್ಮ ಪೂಜೆ ಮುಗಿದ್ಮೇಲೆ ಕುಂಬಳಕಾಯಿ ಹೆಚ್ಚಕ್ಕೆ ನಮಗೂ ಒಂದ್ಸಲ ಕೊಡು. ಕೈಗೆ ಮಾತ್ರ ಕೊಡ್ಬೇಡ ಮತ್ತೆ, ಕಾಂಪೌಂಡ್ ಮೇಲಿಡು, ನಾನೇ ತಗೋತೀನಿ."